ಮಳೆಗಾಲದ ಮುಂಗಡ

ಏನೇನು ಕೆಡಬಹುದು ಎಂಬುದನ್ನು ಆ ಮೇ ತಿಂಗಳಲ್ಲಿ ಹಳೆಯ ಡ್ಯೂಟಿ ಚಾರ್ಟಿನ ಹಿಂಬದಿಯಲ್ಲಿ ಬರೆದಿಟ್ಟಿದ್ದೆ. ಹಣ ತೆಗೆದುಕೊಂಡ ಸಿಸ್ಟರ್ ಮಾರನೆಯ ದಿನವೇ ವಿಮಾನ ಹತ್ತಬಹುದು. ಹಣ ಕೊಡುತ್ತೇನೆಂದ ದಾನಿ ದುಬೈಗೆ ಹೋದಮೇಲೆ ಫೋನ್ ಎತ್ತದೇ ಇರಬಹುದು. ಟ್ರಸ್ಟಿನವರು ಸಭೆಯನ್ನು ಮುಂದೂಡುತ್ತ ಮುಂದೂಡುತ್ತ ಚೌತಿಗೆ ತಂದು ನಿಲ್ಲಿಸಬಹುದು. ಹೆರಿಗೆ ವಾರ್ಡಿನವರು ಮುನಿಸಿಕೊಂಡು ಒಟ್ಟಿಗೆ ರಜೆ ಹಾಕಬಹುದು. ಹೊಸ ಹುಡುಗಿಯರ ಕೈಯಲ್ಲಿ ಯಾರದಾದರೂ ರಕ್ತನಾಳ ಹಾಳಾಗಬಹುದು. ನೀರು ಶುದ್ಧಮಾಡುವ ಯಂತ್ರ ಇದೇ ಸಮಯ ನೋಡಿ ಕೈಕೊಡಬಹುದು. ಲೆಕ್ಕ ತಪಾಸಣೆಯವರು ‘ಇದು ಸಂಬಳವೋ ದಾನವೋ’ ಎಂದು ಕೇಳಬಹುದು, ನಾನು ಬಾಯಿ ತೆರೆದು ನಿಲ್ಲಬಹುದು. ಸಿಸ್ಟರ್ ಉಳಿಯಬಹುದು, ಆದರೆ ನಾನೇ ಎದೆ ಒಡೆದು ಹೋಗಬಹುದು. ಈ ಕೊನೆಯದರ ಪಕ್ಕದಲ್ಲಿ ‘ಸಾಧ್ಯತೆ ಹೆಚ್ಚು’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೆ.

ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಕುಮಟಾ ತಾಲೂಕಿನಲ್ಲಿ ಇಲ್ಲ ಎಂದು ನನ್ನ ಗಂಡ ಹೇಳುತ್ತಾರೆ. ಚಿಕ್ಕ ವಯಸ್ಸಿನಲ್ಲಿ ನನಗೂ ಮಸ್ಕತ್ತಿನಲ್ಲಿ ಕೆಲಸ ನಿಶ್ಚಯವಾಗಿತ್ತು. ವೈದ್ಯಕೀಯ ಪರೀಕ್ಷೆಯ ದಿನ ಚಿಂತೆಯಿಂದ ಬಿ.ಪಿ. ಎಷ್ಟು ಏರಿತ್ತೆಂದರೆ, ಪರೀಕ್ಷೆ ಮಾಡುತ್ತಿದ್ದವರೇ ಗಾಬರಿಯಾಗಿ ನನ್ನನ್ನು ಮಲಗಿಸಿ ಮಜ್ಜಿಗೆ ಕುಡಿಸಿದರು. ಹಾಗೆ ಊರಲ್ಲೇ ಉಳಿದೆ. ಇಪ್ಪತ್ತೈದು ವರ್ಷ ಸೇವೆ ಮುಗಿದಾಗ ಕೊಟ್ಟ ಸನ್ಮಾನ ಪತ್ರದಲ್ಲಿ ‘ವಿದೇಶದ ಆಮಿಷಕ್ಕೆ ಬಲಿಯಾಗದೆ’ ಎಂದು ಬರೆದಿದ್ದಾರೆ. ನಾನು ತಿದ್ದಲು ಹೋಗಿಲ್ಲ.

ಹೊನ್ನಾವರದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ನಾನು ಮೇಟ್ರನ್. ಹೊಳನಗದ್ದೆಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಆಸ್ಪತ್ರೆ ಚಿಕ್ಕದು, ಅದರೊಳಗಿನ ಡಯಾಲಿಸಿಸ್ ಘಟಕ ಇನ್ನೂ ಚಿಕ್ಕದು. ನಾಲ್ಕು ಯಂತ್ರ, ದಿನಕ್ಕೆ ಎರಡು ಪಾಳಿ, ಭಾನುವಾರ ರಜೆ. ಮೂತ್ರಪಿಂಡ ಕೆಲಸ ನಿಲ್ಲಿಸಿದ ಇಪ್ಪತ್ಮೂರು ಮಂದಿ ಕುಮಟಾ, ಹೊನ್ನಾವರ, ಭಟ್ಕಳ ಮೂರೂ ತಾಲೂಕುಗಳಿಂದ ವಾರಕ್ಕೆ ಎರಡು ಸಲ ಬಂದು ನಾಲ್ಕು ತಾಸು ಮಲಗಿ ರಕ್ತ ತೊಳೆಸಿಕೊಂಡು ಹೋಗುತ್ತಾರೆ. ಇಲ್ಲಿ ಬಾಗಿಲು ಹಾಕಿದರೆ ಅವರು ಉಡುಪಿ ಕಡೆಗೆ ಹೋಗಬೇಕು. ಒಂದೆರಡು ವಾರ ಹೋಗುತ್ತಾರೆ. ಆಮೇಲೆ ವಾರಕ್ಕೆ ಒಂದೇ ಸಲ ಎಂದು ಮಾಡಿಕೊಳ್ಳುತ್ತಾರೆ. ಆಮೇಲೆ ಮನೆಯವರಿಂದ ಫೋನ್ ಬರುತ್ತದೆ. ಹಿಂದೊಮ್ಮೆ ಯಂತ್ರಗಳ ರಿಪೇರಿಗೆಂದು ತಿಂಗಳು ಮುಚ್ಚಿದ್ದಾಗ ಅಂಥ ಎರಡು ಫೋನುಗಳನ್ನು ನಾನೇ ಎತ್ತಿದ್ದೆ. ಎರಡನೆಯ ಸಲ ಎತ್ತುವ ಮೊದಲೇ ವಿಷಯ ಗೊತ್ತಾಗಿತ್ತು.

ಘಟಕಕ್ಕೆ ತರಬೇತಿ ಪಡೆದ ಸಿಸ್ಟರ್‌ಗಳು ಮೂವರಿದ್ದರು. ಒಬ್ಬಳು ಜನವರಿಯಲ್ಲಿ ಓಮಾನಿಗೆ ಹೋದಳು. ಇನ್ನೊಬ್ಬಳು ಯಂತ್ರದ ಅಲಾರಮ್ಮಿನ ಜೊತೆ ಇಯರ್‌ಫೋನಿನಲ್ಲಿ ಜರ್ಮನ್ ಪಾಠವನ್ನೂ ಕೇಳಿಸಿಕೊಳ್ಳುತ್ತ ಪಾಳಿ ಮಾಡಿ, ಮಾರ್ಚಿನಲ್ಲಿ ಹೊರಟಳು. ನಮ್ಮಲ್ಲಿ ಸಿಬ್ಬಂದಿಯ ಮೂಲ ಪ್ರಮಾಣಪತ್ರಗಳನ್ನು ಆಸ್ಪತ್ರೆಯ ಕಬ್ಬಿಣದ ಕಪಾಟಿನಲ್ಲಿ ಬೀಗ ಹಾಕಿ ಇಡುವ ಪದ್ಧತಿ ಇತ್ತು, ಯಾರೂ ಹೇಳದೇ ಹೋಗಬಾರದೆಂದು. ಇಬ್ಬರೂ ಬ್ಯಾಂಕ್ ಸಾಲಕ್ಕೆ ಬೇಕು ಎಂದು ತಮ್ಮದನ್ನು ಬಿಡಿಸಿಕೊಂಡರು. ಬಿಡಿಸಿಕೊಡುವ ಚೀಟಿಗೆ ಎರಡೂ ಸಲ ಸಹಿ ಹಾಕಿದ ಜಾಣೆ ನಾನು.

ಉಳಿದವಳು ಭಟ್ಕಳದ ಹತ್ತಿರ ತೆಂಗಿನಗುಂಡಿಯವಳು. ಗಂಡ ಮೀನಿನ ಬೋಟಿನಲ್ಲಿ ಕೆಲಸಕ್ಕೆ, ಅತ್ತೆ ಮೀನು ಮಾರುವವರು, ನಾಲ್ಕು ವರ್ಷದ ಒಂದು ಮಗಳು. ಅವಳ ಬೆರಳಿನಲ್ಲಿ ಏನೋ ಇತ್ತು. ಡಯಾಲಿಸಿಸ್ ರೋಗಿಯ ಕೈಯಲ್ಲಿ ಅಪಧಮನಿ, ಅಭಿಧಮನಿ ಎರಡನ್ನೂ ಕೂಡಿಸಿ ಹೊಲಿದಿರುತ್ತಾರೆ. ಅದಕ್ಕೆ ಫಿಸ್ತುಲಾ ಎನ್ನುತ್ತಾರೆ. ಮೇಲೆ ಬೆರಳಿಟ್ಟರೆ ಒಳಗೆ ಜೇನುಗೂಡಿನಂತೆ ಝುಮ್ಮೆನ್ನುತ್ತದೆ. ಅಲ್ಲಿಗೇ ದಪ್ಪ ಸೂಜಿ ಎರಡು, ಒಂದು ರಕ್ತ ತೆಗೆಯಲು, ಒಂದು ಮರಳಿಸಲು. ಒಂದು ಕೂದಲೆಳೆ ಆಚೀಚೆಯಾದರೆ ತೋಳು ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತದೆ. ಅವಳು ಕಣ್ಣು ಅರ್ಧ ಮುಚ್ಚಿ ಬೆರಳು ಆಡಿಸಿ, ಒಮ್ಮೆ ಚುಚ್ಚಿದರೆ ಮತ್ತೆ ಚುಚ್ಚುತ್ತಿರಲಿಲ್ಲ.

ಮೇ ತಿಂಗಳ ಮೊದಲ ವಾರ ಅವಳು ನನ್ನ ಮೇಜಿನ ಮೇಲೆ ಮಡಚಿದ ಹಾಳೆ ಇಟ್ಟಳು.

“ಸೌದಿದು ಪರೀಕ್ಷೆ ಪಾಸಾತು ಮೇಡಂ. ಒಂದು ತಿಂಗಳ ನೋಟಿಸು. ಜೂನ್ ಒಂದರಿಂದ ಬರೂದಿಲ್ಲ.”

“ಮಗಳು?”

“ಅತ್ತೆ ನೋಡ್ಕಳ್ತ್ರು.” ಸ್ವಲ್ಪ ತಡೆದು, “ಅದನ್ನ ಕೇಳ್ಬೇಡಿ ಮೇಡಂ, ಬೇರೆ ಎಂತಾದ್ರೂ ಕೇಳಿ” ಎಂದಳು.

ನನಗೆ ಬೇರೆ ಏನೂ ಹೊಳೆಯಲಿಲ್ಲ. ಹಾಳೆಯನ್ನು ಬಿಚ್ಚದೆ ಡ್ರಾಯರಿಗೆ ಹಾಕಿದೆ, ಬಿಚ್ಚದಿದ್ದರೆ ತಿಂಗಳು ಶುರುವಾಗುವುದಿಲ್ಲ ಎಂಬಂತೆ.

ಟ್ರಸ್ಟಿನ ಕಾರ್ಯದರ್ಶಿ ನಿವೃತ್ತ ಬ್ಯಾಂಕ್ ಮ್ಯಾನೇಜರು. ಒಳ್ಳೆಯ ಮನುಷ್ಯ, ಆದರೆ ಜಗತ್ತಿನಲ್ಲಿರುವುದೆಲ್ಲ ಒತ್ತೆ ಇಡುವಂಥದ್ದು ಅಥವಾ ಇಡಲಾಗದ್ದು ಎಂಬ ಎರಡೇ ಬಗೆಯೆಂದು ನಂಬಿದವರು. ವಿಷಯ ಕೇಳಿ ಕಪಾಟಿನ ಕಡೆ ಕೈ ತೋರಿಸಿದರು.

“ಸರ್ಟಿಫಿಕೇಟು ಒಳಗಿದೆ ಅಲ್ವೇನ್ರಿ? ಮತ್ತೆಂತ ಹೆದರಿಕೆ? ಎಲ್ಲಿಗೆ ಹೋಗ್ತಾಳೆ?”

“ಸರ್, ಹೋದ ಇಬ್ಬರದೂ ಒಳಗೇ ಇತ್ತು.”

“ಅದು ನೀವು ಸಹಿ ಹಾಕಿದ್ದಕ್ಕೆ.”

ಅವರೇ ಮುಂದುವರಿದು, ಎರಡು ವರ್ಷ ಬಿಟ್ಟು ಹೋಗಕೂಡದು ಎಂಬ ಬಾಂಡ್ ಬರೆಸಿಕೊಳ್ಳಿ ಎಂದರು. ಬಾಂಡ್ ಬರೆಸುತ್ತೇವೆ ಎಂದು ಜಾಹೀರಾತು ಕೊಟ್ಟ ಹಿಂದಿನ ವರ್ಷ ಒಂದೇ ಒಂದು ಅರ್ಜಿ ಬಂದಿತ್ತು, ಅದೂ ಆಂಬುಲೆನ್ಸ್ ಚಾಲಕನದು. ನೆನಪಿಸಿದೆ. “ಹಂಗಾದ್ರೆ ಸಂಬಳದ ಮೇಲೆ ಎಂತಾದ್ರೂ ಕೊಡುವಾ. ಆದ್ರೆ ನಮ್ಮ ಹತ್ರ ಇಲ್ಲ. ನೀವೇ ತನ್ನಿ” ಎಂದರು. ಟ್ರಸ್ಟಿನಲ್ಲಿ ಇದಕ್ಕೆ ಒಪ್ಪಿಗೆ ಎಂದು ಹೆಸರು.

ಭಟ್ಕಳದ ಒಬ್ಬ ಹಿರಿಯರು ದುಬೈಯಲ್ಲಿ ದಿನಸಿ ವ್ಯಾಪಾರ ಮಾಡುತ್ತಾರೆ. ನಮ್ಮ ನಾಲ್ಕನೆಯ ಯಂತ್ರ ಅವರು ಕೊಟ್ಟದ್ದು. ಊರಿಗೆ ಬಂದಿದ್ದಾರೆಂದು ತಿಳಿದು ಹೋದೆ. ಮನೆಯ ಹಜಾರದಲ್ಲಿ ಕೂರಿಸಿ, ಶರಬತ್ತು ತರಿಸಿ, ನನ್ನ ಪೂರ್ತಿ ಅಳಲನ್ನು ಕೇಳಿಸಿಕೊಂಡು ನಗತೊಡಗಿದರು.

“ಮೇಡಂ, ಖರೇ ಹೇಳ್ಲಾ? ಅಲ್ಲಿ ನನ್ನ ಅಂಗಡಿಗೆ ಕುಚ್ಚಲಕ್ಕಿ, ಒಣಮೀನು ತಕೊಳ್ಳಿಕ್ಕೆ ಬರೋರು ಯಾರು? ನಿಮ್ಮ ನರ್ಸುಗಳೇ. ಅವ್ರು ಬರಬಾರದು ಅಂತ ನಾನೇ ದುಡ್ಡು ಕೊಡ್ಬೇಕಾ?”

“ಹೌದು” ಎಂದೆ. ನಾಚಿಕೆ ಎಂಬುದು ಉಳಿದಿರಲಿಲ್ಲ.

ನಗು ನಿಲ್ಲಿಸಿ ಅವರು ಕಿಟಕಿಯ ಕಡೆ ನೋಡಿದರು. “ನಾನೂ ಹತ್ತೊಂಬತ್ತಕ್ಕೆ ಹೋದವ. ಅಮ್ಮಿ ತೀರಿಕೊಂಡಾಗ ಮಯ್ಯತಿಗೆ ಬರ್ಲಿಕ್ಕಾಗ್ಲಿಲ್ಲ.” ಮತ್ತೆ ನನ್ನ ಕಡೆ ತಿರುಗಿ, “ಒಂದು ವರ್ಷದ್ದು ಕೊಡ್ತೇನೆ. ಸರಿ ಹೋದ್ರೆ ಮುಂದಿನ ವರ್ಷವೂ. ನನ್ನ ಹೆಸರು ಹಾಕಬೇಡಿ. ನಮ್ಮ ಅಂಗಡಿಯ ಗಿರಾಕಿ ಓದಿದ್ರೆ ಬೈತಾರೆ” ಎಂದರು.

ಆ ಹಣದಿಂದ ಡಯಾಲಿಸಿಸ್ ಸಿಸ್ಟರ್‌ಗೆ ವರ್ಷಕ್ಕೆ ನಾಲ್ಕು ತಿಂಗಳ ಸಂಬಳದಷ್ಟು ಹೆಚ್ಚುವರಿ ಕೊಡಬಹುದಿತ್ತು. ತಿಂಗಳಿಗಿಷ್ಟು ಎಂದು ಹನ್ನೆರಡು ಭಾಗ ಮಾಡಿ, ‘ಉಳಿಕೆ ಭತ್ಯೆ’ ಎಂದು ಹೆಸರಿಟ್ಟು, ಸುಂದರವಾದ ಪತ್ರ ಟೈಪು ಮಾಡಿಸಿದೆ. ಹೆಸರು ಯೋಚಿಸಲು ಮಾತ್ರ ಎರಡು ದಿನ ಹಿಡಿಯಿತು.

ಸಿಸ್ಟರ್ ಪತ್ರವನ್ನು ನಿಂತೇ ಓದಿದಳು. ಎರಡು ಸಲ ಓದಿದಳು. ಹಾಗೇ ಮೇಜಿನ ಮೇಲಿಟ್ಟಳು.

“ಚಲೋ ಮಾಡಿದ್ರಿ ಮೇಡಂ. ಆದ್ರೆ ಇದ್ರಿಂದ ಆಗೂದಿಲ್ಲ.”

“ಕಡಿಮೆಯಾಯ್ತಾ? ಸೌದಿಯಷ್ಟು ಕೊಡೂಕೆ ನಮ್ಮ ಕೈಲಿ...”

“ಸೌದಿಯಷ್ಟು ಯಾರು ಕೇಳಿದ್ರು?” ಮುಖ ಸ್ವಲ್ಪ ಕೆಂಪಾಯಿತು. “ತಿಂಗ್ಳಿಗೆ ಇಷ್ಟು ಅಂದ್ರೆ ಅದು ಬಂದಾಂಗೇ ಹೋಗ್ತದೆ. ಬಿಡಿ, ನಿಮ್ಗೆ ಹೇಳಿ ತಿಳಿಸೂಕೆ ನಂಗೆ ಬರೂದಿಲ್ಲ.”

ಅವಳು ಹೋದಳು. ನೋಟಿಸಿನಲ್ಲಿ ಹದಿನಾರು ದಿನ ಉಳಿದಿತ್ತು.

ಜನರಲ್ ವಾರ್ಡಿನಿಂದ ಇಬ್ಬರು ಹುಡುಗಿಯರನ್ನು ಘಟಕಕ್ಕೆ ಹಾಕಿದೆ. ಯಂತ್ರದ ನಳಿಕೆಗಳಿಗೆ ಸಲೈನ್ ಹರಿಸಿ ಗಾಳಿಗುಳ್ಳೆ ತೆಗೆಯುವುದು, ರೋಗಿಯ ತೂಕ ನೋಡಿ ಎಷ್ಟು ನೀರು ತೆಗೆಯಬೇಕೆಂದು ಹೊಂದಿಸುವುದು, ಹೆಪ್ಪುಗಟ್ಟದಂತೆ ಹೆಪರಿನ್ ಕೊಡುವುದು, ಇಷ್ಟನ್ನು ಅವರು ಒಂದೇ ವಾರದಲ್ಲಿ ಕಲಿತರು. ಸೂಜಿ ಕಲಿಯಲಿಲ್ಲ. ಅದಕ್ಕೆ ತಿಂಗಳುಗಳು ಬೇಕು, ಜೊತೆಗೆ ನಿಂತು ಕೈ ಹಿಡಿದು ತೋರಿಸುವವರು ಬೇಕು. ಕುಮಟಾದ ಒಬ್ಬ ಅಜ್ಜಿಯ ತೋಳು ಬಾತಿತು. ಹುಡುಗಿ ಅತ್ತಳು, ಅಜ್ಜಿಯೇ ಸಮಾಧಾನ ಮಾಡಬೇಕಾಯಿತು. ಕೊನೆಗೆ ನಾನೇ ಕಲಿಯುತ್ತೇನೆಂದು ಗ್ಲೌಸು ಹಾಕಿಕೊಂಡೆ. ಓದಲು ಒಂದು ಕನ್ನಡಕ, ದೂರಕ್ಕೆ ಒಂದು; ರಕ್ತನಾಳ ಎರಡಕ್ಕೂ ಸಿಗದ ಅಂತರದಲ್ಲಿತ್ತು.

ಮೂರನೆಯ ಯಂತ್ರ ಗೇರುಸೊಪ್ಪೆಯ ಟೆಂಪೋ ಚಾಲಕನದು. ನಲವತ್ತೈದರ ಆಸುಪಾಸು. ಟೆಂಪೋ ಓಡಿಸುವುದನ್ನು ಬಿಟ್ಟು ಎರಡು ವರ್ಷವಾಗಿತ್ತು, ಬಾಯಿ ಓಡಿಸುವುದನ್ನು ಬಿಟ್ಟಿರಲಿಲ್ಲ. ನಾನು ಸೂಜಿ ಹಿಡಿದು ತಡವರಿಸುವುದನ್ನು ನೋಡಿ, “ಬ್ರೇಕ್ ಮೇಲೆ ಕಾಲಿಡಿ ಮೇಡಂ, ಗಡಿಬಿಡಿ ಇಲ್ಲ” ಎಂದ. ಸಿಸ್ಟರ್ ಬಂದು ನನ್ನ ಕೈಯಿಂದ ಸೂಜಿ ತೆಗೆದುಕೊಂಡು ಚುಚ್ಚಿ ಹೋದಮೇಲೆ ಮೆಲ್ಲಗೆ ಕೇಳಿದ:

“ಇವ್ರಿಗೆ ವೀಸಾ ಬಂತಂತಲ್ಲ?”

“ಯಾರು ಹೇಳಿದ್ದು?”

“ಎಲ್ಲರಿಗೂ ಗೊತ್ತುಂಟು. ಆತು ಬಿಡಿ. ಇವ್ರು ಹೊರಟ್ರೆ ನಂಗೂ ವೀಸಾ ಬಂದಾಂಗೇ. ನಂದು ಸ್ವಲ್ಪ ಮೇಲಿನ ದೇಶ.”

ನಾನು ನಗಲಿಲ್ಲ. ಅವನೂ ನಗಲಿಲ್ಲ. ಯಂತ್ರದ ಚಕ್ರದಲ್ಲಿ ಅವನ ರಕ್ತ ಸುತ್ತುತ್ತಿತ್ತು.

ಮಾರನೆಯ ಭಾನುವಾರ ತೆಂಗಿನಗುಂಡಿಗೆ ಹೋದೆ. ಸಿಬ್ಬಂದಿಯ ಮನೆಗೆ ಹೋಗಿ ಬೇಡುವ ಮೇಟ್ರನ್ ಬಗ್ಗೆ ನರ್ಸಿಂಗ್ ಪುಸ್ತಕಗಳಲ್ಲಿ ಏನೂ ಬರೆದಿಲ್ಲ. ಸಿಸ್ಟರ್ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಅತ್ತೆ ಅಂಗಳದಲ್ಲಿ ಚಾಪೆ ಹಾಸಿ ಸಣ್ಣಮೀನು ಒಣಹಾಕುತ್ತಿದ್ದರು. ಅರವತ್ತರ ಹೆಂಗಸು, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದಿದ್ದರು. ನನ್ನನ್ನು ಕಂಡು ಕೈ ತೊಳೆದು ಬಂದು ಕುರ್ಚಿ ಹಾಕಿದರು. ತಾವು ಮೆಟ್ಟಿಲ ಮೇಲೆ ಕುಳಿತರು.

ನಾನು ಇಪ್ಪತ್ಮೂರು ಮಂದಿಯ ಕಥೆ ಹೇಳಿದೆ. ಗೇರುಸೊಪ್ಪೆಯವನ ಮಾತನ್ನೂ ಹೇಳಿದೆ. ಕಣ್ಣಲ್ಲಿ ನೀರು ಬಂತು. ಅದನ್ನು ಬೇಕೆಂದು ತರಿಸಿದ್ದೋ ತಾನೇ ಬಂದದ್ದೋ ಎಂಬ ಚಿಂತೆ ಆಮೇಲೆ ಬಸ್ಸಿನಲ್ಲಿ ಕಾಡಿತು.

“ಅಕ್ಕೋರೆ, ಅವ್ಳಿಗೆ ಹೋಗೂಕೆ ಮನ್ಸಿಲ್ಲ” ಎಂದರು ಅತ್ತೆ. “ಮಗಿನ ಅಂಗಿ ಮಡಚೂದು, ಬಿಚ್ಚೂದು, ಮತ್ತೆ ಮಡಚೂದು. ನಾನ್ ನೋಡ್ತೆ ಇಲ್ಯಾ?”

“ಮತ್ತೆ ಯಾಕೆ ಹೋಗ್ಬೇಕು? ನಾವು ತಿಂಗಳು ತಿಂಗಳು ಹೆಚ್ಚು ಕೊಡ್ತೇವೆ ಅಂದ್ವಿ.”

“ಅದೇ ಮತ್ತೆ. ತಿಂಗ್ಳು ತಿಂಗ್ಳು ನಮ್ಗೆ ಎಂತಕ್ಕೆ? ಬೋಟು ನೀರಲ್ಲಿದ್ರೆ ಮಗ ತರ್ತ, ನಾನ್ ಮಾರ್ತೆ. ಉಣ್ಣೂಕೆ ಉಂಟು. ಜೂನು ಜುಲಾಯಿ ಮಳೆಗಾಲ, ಬೋಟು ಬಂದ್. ಎರಡು ತಿಂಗ್ಳು ಮನೆ ಅಷ್ಟೂ ಜನ ಅವ್ಳೊಬ್ಳ ಕೈ ನೋಡೂದು. ಅದೇ ಹೊತ್ತಿಗೆ ಶಾಲೆ ಫೀಸು, ಅದೇ ಹೊತ್ತಿಗೆ ಮನೆ ಮಾಡು ಸೋರೂದು. ಸೌದಿ ಏಜೆಂಟ ಎಂತಾ ಪೆದ್ದನಾ? ಹೋದ ಮಳೆಗಾಲದಲ್ಲೇ ಬಂದು ಇದೇ ಮೆಟ್ಲ ಮೇಲೆ ಕೂತು ಹೇಳಿ ಹೋದ.”

ಅವರು ನನ್ನನ್ನು ಮಂದಬುದ್ಧಿಯ ಮಗುವನ್ನು ನೋಡುವಂತೆ ನೋಡಿದರು.

“ಬೋಟಿನ ಯಜಮಾನ್ರು ಜನ ಹಿಡ್ಕಳ್ಳೂದು ಹ್ಯಾಂಗೆ ಗೊತ್ತುಂಟಾ ನಿಮ್ಗೆ? ಆಗಸ್ಟಿಗೆ ಬೋಟು ಇಳಿವಾಗ ಬನ್ನಿ ಅಂದ್ರೆ ಯಾರ್ ಬರ್ತ್ರು? ಬಂದಿನ ಹೊತ್ತಿಗೇ, ಕೈ ಖಾಲಿ ಇದ್ದಾಗ್ಲೇ ಮನೆಗೆ ಬಂದು ಮುಂಗಡ ಕೊಟ್ಟು ಹೋಗ್ತ್ರು. ಒಟ್ಟಿಗೆ. ತಕಂಡವ ಆ ವರ್ಷ ಆ ಬೋಟು ಬಿಟ್ಟು ಬೇರೆ ಹತ್ತೂದಿಲ್ಲ.”

“ಬರೆಸಿಕೊಳ್ತಾರಾ? ಸಹಿ?”

“ಎಂತಾ ಸಹಿ! ಮುಂಗಡ ತಕಂಡು ಬೋಟು ಬದಲ್ಸಿದ ಅಂದ್ರೆ ಅವ್ನ ಮನೆಗೆ ಹೆಣ್ಣು ಕೊಡೂರಿಲ್ಲ. ನನ್ನ ಗಂಡ ಇದ್ದಷ್ಟು ಕಾಲ ಒಂದು ಕಾಗದ ಕಂಡದ್ದಿಲ್ಲ ನಾನು. ಮಾತು ಅಷ್ಟೇ.”

ಬಸ್ಸು ಶರಾವತಿ ಸೇತುವೆ ದಾಟುವ ಹೊತ್ತಿಗೆ ನನ್ನ ತಲೆಯಲ್ಲಿ ಎಲ್ಲ ಸರಿಯಾಗಿ ಕೂತಿತ್ತು, ಆದ್ದರಿಂದಲೇ ಭಯವಾಗತೊಡಗಿತ್ತು. ಅಷ್ಟೂ ಹಣವನ್ನು ಜೂನ್ ಒಂದಕ್ಕೆ ಒಟ್ಟಿಗೆ ಕೊಡಬೇಕು. ಬಾಂಡ್ ಇಲ್ಲ, ಸಹಿ ಇಲ್ಲ. ಮಾತಿನ ಮೇಲೆ ಕೊಡುತ್ತೇವೆಂದ ಮೇಲೆ ಪ್ರಮಾಣಪತ್ರವನ್ನು ಬೀಗ ಹಾಕಿ ಇಟ್ಟುಕೊಳ್ಳುವುದಕ್ಕೆ ಮುಖವಿಲ್ಲ, ಅದನ್ನೂ ಮರಳಿಸಬೇಕು. ಅವಳೊಬ್ಬಳದೇ ಮರಳಿಸಿದರೆ ಉಳಿದವರು ಏನೆನ್ನುತ್ತಾರೆ? ಎಲ್ಲರದೂ.

ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು, ನಾನು ಬೇರೆ ಯಾರೋ ಆಗಿ ಕಾಣಬಹುದೆಂದು.

“ದುಡ್ಡು ಮೊದಲು. ಕಾಗದ ಇಲ್ಲ. ಒತ್ತೆ ಇಟ್ಟದ್ದೂ ವಾಪಸ್ಸು. ಮೇಟ್ರನ್, ನಾನು ಮೂವತ್ತಾರು ವರ್ಷ ಬ್ಯಾಂಕಿನಲ್ಲಿದ್ದೆ.”

“ಗೊತ್ತು ಸರ್.”

“ಇದಕ್ಕೆ ಅಲ್ಲಿ ದರೋಡೆ ಅಂತಿದ್ರು.”

“ಸರ್, ಬೀಗ ಇದ್ದೂ ಇಬ್ಬರು ಹೋದ್ರು, ಬಾಂಡ್ ಅಂದ್ರೆ ಯಾರೂ ಬರ್ಲಿಲ್ಲ. ಅವೆರಡೂ ಇಲ್ಲದೆ ಒಬ್ಬಳಾದ್ರೂ ಉಳೀತಾಳಾ ನೋಡುವಾ. ಅವಳು ಹೋದ್ರೆ ಅಷ್ಟನ್ನೂ ನನ್ನ ನಿವೃತ್ತಿಯ ಹಣದಲ್ಲಿ ಹಿಡ್ಕೊಳ್ಳಿ.”

ಈ ಕೊನೆಯ ವಾಕ್ಯ ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. ಕಾರ್ಯದರ್ಶಿಗಳ ಮುಖದಲ್ಲಿ ಮಾತ್ರ ನೆಮ್ಮದಿ ಬಂತು. ಅಂತೂ ಒತ್ತೆಗೆ ಒಂದು ಸಿಕ್ಕಿತ್ತು.

ಮೇ ಕೊನೆಯ ವಾರ ಕಪಾಟು ತೆಗೆದು ಎಲ್ಲರ ಪ್ರಮಾಣಪತ್ರಗಳನ್ನು ಹೆಸರು ಕರೆದು ಹಂಚಿದೆ. ಕೆಲವು ಕರಾವಳಿಯ ತೇವಕ್ಕೆ ಹಪ್ಪಳದಂತೆ ಅಲೆಯಲೆಯಾಗಿದ್ದವು. ಹೆರಿಗೆ ವಾರ್ಡಿನ ಹಿರಿಯ ಸಿಸ್ಟರ್ ತನ್ನದನ್ನು ಎದೆಗವಚಿಕೊಂಡು ನಿಂತು ಕೇಳಿದಳು: “ಇದು ಕೊಟ್ರಿ, ಸಂತೋಷ. ಆದ್ರೆ ಮುಂಗಡ ಡಯಾಲಿಸಿಸ್ಸಿಗೆ ಮಾತ್ರ ಅಂತಲ್ಲ? ನಾವು ಜನ ಒಳಗೆ ತರೂದು, ಅವ್ರು ಹೋಗದಾಂಗೆ ತಡೆಯೂದು. ನಮ್ದು ಯಾವ ಲೆಕ್ಕ?”

ನ್ಯಾಯವಾದ ಪ್ರಶ್ನೆ. ಒಂದು ಕೋಣೆಗೆ ಸಾಲುವಷ್ಟೇ ಹಣ ಬಂದಿದೆ ಎಂದೆ. ಅದು ಕಾರಣವಾಗಿತ್ತು, ಉತ್ತರವಾಗಿರಲಿಲ್ಲ. ಅವಳು ಗೊಣಗುತ್ತ ಹೋಗಿ ಪಾಳಿಗೆ ನಿಂತಳು.

ಜೂನ್ ಒಂದರಂದು ಹೊಸ ಅಂಗಿಯಂಥ ಬಿಳಿ ಲಕೋಟೆ ಹಿಡಿದು ನಾನೇ ತೆಂಗಿನಗುಂಡಿಗೆ ಹೋದೆ. ಬೋಟುಗಳೆಲ್ಲ ದಡಕ್ಕೆ ಬಂದಿದ್ದವು. ಲಕೋಟೆಯನ್ನು ಸಿಸ್ಟರ್‌ಗೆ ಕೊಡಲು ಹೋದರೆ ಅವಳು ಅತ್ತೆಯ ಕಡೆ ಕಣ್ಣು ಮಾಡಿದಳು. ಅತ್ತೆ ಎರಡೂ ಕೈಯಲ್ಲಿ ತೆಗೆದುಕೊಂಡು, ದೇವರ ಪಟದ ಮುಂದೆ ಇಟ್ಟು, ಒಳಗಿಂದ ಒಂದು ವೀಳ್ಯದೆಲೆ ಅಡಿಕೆ ತಂದು ನನ್ನ ಕೈಗಿಟ್ಟರು.

“ಆತು ಅಕ್ಕೋರೆ. ಬರೂ ಮೇವರೆಗೆ ಇವ್ಳು ನಿಮ್ಮ ಬೋಟಿನವ್ಳು.”

ಸಿಸ್ಟರ್ ನಕ್ಕಳು. ಮಗು ಅವಳ ಕಾಲಿಗೆ ಸುತ್ತಿಕೊಂಡಿತ್ತು. ನಾನು ವಾಪಸು ಬರುತ್ತ ಚಾರ್ಟಿನ ಹಿಂಬದಿಯ ಪಟ್ಟಿಯ ಮೊದಲನೆಯ ಸಾಲನ್ನು ಮತ್ತೆ ಮತ್ತೆ ಮನಸ್ಸಿನಲ್ಲಿ ಓದಿದೆ.

ಮೂರು ವಾರ ಅವಳು ಒಂದು ದಿನವೂ ತಪ್ಪಿಸಲಿಲ್ಲ. ನನಗೆ ಅದೂ ಅನುಮಾನಾಸ್ಪದವಾಗಿ ಕಂಡಿತು.

ನಾಲ್ಕನೆಯ ವಾರ, ಒಂದು ಸೋಮವಾರ. ಹಿಂದಿನ ಇಡೀ ದಿನ ಗಾಳಿಮಳೆ. ಸೋಮವಾರದ ಬೆಳಗಿನ ಪಾಳಿ ಯಾವಾಗಲೂ ಕಷ್ಟದ್ದು, ಭಾನುವಾರದ ರಜೆ ಸೇರಿ ರೋಗಿಗಳ ಮೈಯಲ್ಲಿ ನೀರು ಹೆಚ್ಚು ನಿಂತಿರುತ್ತದೆ. ಏಳಕ್ಕೆ ನಾಲ್ವರೂ ಬಂದು ಮಲಗಿದ್ದರು. ಹುಡುಗಿಯರು ಯಂತ್ರ ಸಿದ್ಧ ಮಾಡಿದ್ದರು. ಸಿಸ್ಟರ್ ಬಂದಿರಲಿಲ್ಲ. ಏಳೂಕಾಲು. ಫೋನ್ ಸ್ವಿಚ್ ಆಫ್. ಏಳೂವರೆ, ಸ್ವಿಚ್ ಆಫ್. ಹುಡುಗಿಯರಲ್ಲಿ ಒಬ್ಬಳು ಮೊದಲನೆಯವರಿಗೆ ಹೇಗೋ ಸೂಜಿ ಹಾಕಿದಳು, ಎರಡನೆಯವರಿಗೆ ಆಗಲಿಲ್ಲ. ಗೇರುಸೊಪ್ಪೆಯವನಿಗೆ ಮಲಗಲು ಆಗುತ್ತಿರಲಿಲ್ಲ. ಎದ್ದು ಕೂತು, ಹಾಸಿಗೆಯ ಅಂಚು ಹಿಡಿದು ಉಸಿರೆಳೆಯುತ್ತಿದ್ದ. ಆಮ್ಲಜನಕ ಹಚ್ಚಿದೆ. ಡ್ಯೂಟಿ ಡಾಕ್ಟರು ಬಂದು ನೋಡಿ, “ಬೇಗ ಶುರು ಮಾಡಿ” ಎಂದರು, ಶುರು ಮಾಡಲು ಗೊತ್ತಿದ್ದವರು ಯಾರೋ ಅಡಗಿ ಕೂತಿದ್ದಾರೆ ಎಂಬಂತೆ. ಅವನಿಗೆ ತಮಾಷೆ ಮಾಡುವಷ್ಟೂ ಉಸಿರಿರಲಿಲ್ಲ. ನನ್ನನ್ನೇ ನೋಡುತ್ತಿದ್ದ.

ಹೋದಳು, ಎಂದುಕೊಂಡೆ. ಮೂರು ವಾರ ನಂಬಿಸಿ ಹೋದಳು. ಪ್ರಮಾಣಪತ್ರ ಕೊಟ್ಟವಳು ನಾನು, ಹಣ ಕೊಟ್ಟವಳು ನಾನು, ಇವನ ಹೆಂಡತಿಗೆ ಹೇಳಬೇಕಾದವಳೂ ನಾನು. ಕಾರಿಡಾರಿಗೆ ಬಂದು ಅತ್ತೆಯ ನಂಬರಿಗೆ ಮಾಡಿದೆ. ಅವರದು ಹಳೆಯ ಗುಂಡಿಯ ಫೋನು. ತಕ್ಷಣ ಎತ್ತಿದರು.

“ಎಲ್ಲಿ ಅವಳು?”

“ಅಕ್ಕೋರಾ? ಐದೂವರೆಗೇ ಹೊರಟ್ಳಲ್ಲ. ಅಲ್ಲಿ ಬಂದಿಲ್ಯಾ?”

“ಹೊರಟದ್ದು ಎಲ್ಲಿಗೆ? ಮಂಗಳೂರು ವಿಮಾನಕ್ಕಾ? ನಮ್ಮ ಮುಂಗಡ ತಕೊಂಡು ಬೇರೆ ಬೋಟು ಹತ್ತಿಸಿದ್ರಾ ಸೊಸೆಯನ್ನ?”

ಆ ಕಡೆಯಿಂದ ಮಳೆಯ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಫೋನ್ ಕಟ್ಟಾಯಿತು.

ಒಳಗೆ ಬಂದು ಗ್ಲೌಸು ಹಾಕಿಕೊಂಡೆ. ಎರಡೂ ಕನ್ನಡಕ ತೆಗೆದಿಟ್ಟೆ. ಅವಳು ಮಾಡುವಂತೆ ಕಣ್ಣು ಅರ್ಧ ಮುಚ್ಚಿ ಅವನ ತೋಳಿನ ಮೇಲೆ ಬೆರಳಿಟ್ಟೆ. ಝುಮ್ಮೆನ್ನುತ್ತಿತ್ತು. ಮೊದಲ ಸೂಜಿ ಹಾಕಿದೆ. ನಳಿಕೆಯಲ್ಲಿ ಕೆಂಪು ಏರಿತು. ಎರಡನೆಯದನ್ನು ಕೈಗೆತ್ತಿಕೊಂಡು ಬೆರಳನ್ನು ಇನ್ನೊಂದು ಜಾಗಕ್ಕೆ ಜರುಗಿಸಿದೆ. ಆಗ ಹಿಂದಿನಿಂದ ಒದ್ದೆ ಕೈಯೊಂದು ನನ್ನ ಮಣಿಕಟ್ಟು ಹಿಡಿಯಿತು.

“ಬಿಡಿ ಮೇಡಂ. ಕೈ ತೊಳೆದು ಬಂದೆ.”

ತಲೆಯಿಂದ ನೀರು ಇಳಿಯುತ್ತಿತ್ತು. ಹೆದ್ದಾರಿಯ ಪಕ್ಕ ಅಗೆದ ಗುಡ್ಡ ಕುಸಿದು ಬಸ್ಸು ನಿಂತಿತ್ತು. ಮಣ್ಣು ದಾಟಿ ನಡೆದು, ಆಚೆ ಒಂದು ರಿಕ್ಷಾ ಹಿಡಿದು ಬಂದಿದ್ದಳು. ನಿನ್ನೆ ಬೆಳಗಿನಿಂದ ಊರಲ್ಲಿ ಕರೆಂಟಿಲ್ಲ, ಫೋನ್ ಸತ್ತಿತ್ತು. ಇಷ್ಟನ್ನೂ ಅವಳು ಸೂಜಿ ಹಾಕುತ್ತ, ಪಟ್ಟಿ ಅಂಟಿಸುತ್ತ, ಪಂಪು ಶುರು ಮಾಡುತ್ತ ಹೇಳಿದಳು. ಒಂದೂವರೆ ತಾಸಿನ ಮೇಲೆ ಗೇರುಸೊಪ್ಪೆಯವನು ದಿಂಬಿಗೆ ಒರಗಿದ. “ಮೊದಲಿನ ಸೂಜಿ ಮೇಡಂದು” ಎಂದು ಪಕ್ಕದವರಿಗೆ ತೋರಿಸಿದ.

ಸಿಸ್ಟರ್ ಆ ವರ್ಷ ಪೂರ್ತಿ ಉಳಿದಳು. ಹುಡುಗಿಯರಿಬ್ಬರಿಗೂ ಸೂಜಿ ಕಲಿಸಿದಳು. ಘಟಕ ಒಂದು ದಿನವೂ ಮುಚ್ಚಲಿಲ್ಲ. ದಾನಿ ಫೋನ್ ಎತ್ತಿದರು, ಎರಡನೆಯ ವರ್ಷದ್ದನ್ನೂ ಕಳಿಸಿದರು. ನೀರಿನ ಯಂತ್ರ ಕೆಡಲಿಲ್ಲ. ನನ್ನ ಎದೆ ಒಡೆಯಲಿಲ್ಲ. ಕಾರ್ಯದರ್ಶಿಗಳು ಬೇರೆ ಟ್ರಸ್ಟಿನವರಿಗೆ ನಮ್ಮ ‘ಮಾದರಿ’ಯನ್ನು ವಿವರಿಸತೊಡಗಿದರು. ಆ ಫೋನಿನ ಬಗ್ಗೆ ಸಿಸ್ಟರ್ ಒಂದು ಮಾತೂ ಎತ್ತಲಿಲ್ಲ. ಎತ್ತಿದ್ದರೆ ಕ್ಷಮೆ ಕೇಳಬಹುದಿತ್ತು. ಅವಳ ಅತ್ತೆಯನ್ನು ಕಾಣಲು ಎರಡು ಸಲ ಹೊರಟು, ಎರಡು ಸಲವೂ ಏನು ಹೇಳುವುದೆಂದು ಚಿಂತಿಸುತ್ತ ಬಸ್ಸು ತಪ್ಪಿಸಿಕೊಂಡೆ.

ಈ ಜೂನ್ ಒಂದರಂದು ಲಕೋಟೆ ಹಿಡಿದು ಮತ್ತೆ ಹೋದೆ. ಅತ್ತೆ ಕುರ್ಚಿ ಹಾಕಿದರು. ಚಹ ಕೊಟ್ಟರು. ನನ್ನ ಗಂಡನ ಮಂಡಿನೋವು ವಿಚಾರಿಸಿದರು. ನಾನು ಚಹದ ಲೋಟ ಕೆಳಗಿಟ್ಟು, ಹೋದ ವರ್ಷ ಆ ದಿನ ಗಾಬರಿಯಲ್ಲಿ ಏನೋ ಆಡಿಬಿಟ್ಟೆ ಎಂದೆ.

“ಅದು ಆತು, ಹೋತು. ರೋಗಿ ಮುಂದಿದ್ದಾಗ ಯಾರಿಗಾದ್ರೂ ಹಾಂಗೇ” ಎಂದರು.

ಸಮಾಧಾನವಾಯಿತು. ಲಕೋಟೆ ಮುಂದೆ ಹಿಡಿದೆ. ಅವರು ಕೈ ಚಾಚಲಿಲ್ಲ.

“ಕಾಗದ ತಂದೀರಾ ಅಕ್ಕೋರೆ?”

“ಯಾವ ಕಾಗದ?”

“ಅದೇ, ಇಷ್ಟು ಕೊಟ್ಟೆ, ಇಷ್ಟು ತಕಂಡೆ, ಇಂಥಾ ದಿನದವರೆಗೆ ಬಿಟ್ಟು ಹೋಗೂದಿಲ್ಲ, ಅಂತ ಬರೆದದ್ದು. ಸೊಸೆ ಸಹಿ ಮಾಡ್ತ್ಳು. ನಾನ್ ಹೆಬ್ಬೆಟ್ಟು ಹಾಕ್ತೆ.”

“ಬೇಡ, ಅದೆಲ್ಲ ಬೇಡ ಅಂತ ಅಲ್ವಾ ನಾವು...”

“ಇರ್ಲಿ. ಬರೆಸ್ಕಂಡು ಬನ್ನಿ. ಗಡಿಬಿಡಿ ಇಲ್ಲ, ನಾವು ಎಲ್ಲಿಗೂ ಹೋಗೂದಿಲ್ಲ, ಇಲ್ಲೇ ಇರ್ತೆವು.”